ಯಾರ ಹಂಗೂ ಇಲ್ಲದ ಆರು ವರ್ಷ: ಬಿಗ್ ಬ್ಲ್ಯಾಕ್ ಬ್ಯಾಂಡಿನ ಪ್ರಕರಣ

ಬಿಗ್ ಬ್ಲ್ಯಾಕ್ ಬ್ಯಾಂಡಿನ ರೆಕಾರ್ಡುಗಳಲ್ಲಿ ಯಾರು ಏನು ನುಡಿಸಿದರು ಎಂದು ಬರೆಯುವ ಜಾಗದಲ್ಲಿ ಗಿಟಾರ್ ನುಡಿಸಿದವರ ಪಕ್ಕದಲ್ಲೇ ರೋಲ್ಯಾಂಡ್ ಎಂಬ ಹೆಸರೂ ಕಾಣುತ್ತದೆ. ಅದು ಮನುಷ್ಯನ ಹೆಸರಲ್ಲ. ರೋಲ್ಯಾಂಡ್ ಕಂಪನಿಯ ಟಿಆರ್-606 ಎಂಬ ಡ್ರಮ್ ಮೆಷಿನ್ ಅದು. ಬೆಳ್ಳಿ ಬಣ್ಣದ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ. ಕೆಳಗಡೆ ಸಾಲಾಗಿ 16 ಗುಂಡಿಗಳು. ಒಳಗಿರುವುದು ಏಳೇ ಸದ್ದು: ಬಾಸ್ ಡ್ರಮ್, ಸ್ನೇರ್, ಎರಡು ಟಾಮ್, ಒಂದು ಸಿಂಬಲ್, ಮುಚ್ಚಿದ ಮತ್ತು ತೆರೆದ ಹೈಹ್ಯಾಟ್. ಯಾವ ಗುಂಡಿಯಲ್ಲಿ ಯಾವ ಪೆಟ್ಟು ಬೀಳಬೇಕು ಎಂದು ಒಮ್ಮೆ ಹೇಳಿಕೊಟ್ಟರೆ ಸಾಕು, ನಿಲ್ಲಿಸುವವರೆಗೂ ಅದನ್ನೇ ಹೊಡೆಯುತ್ತಿರುತ್ತದೆ. ದಣಿಯುವುದಿಲ್ಲ, ಉತ್ಸಾಹದಲ್ಲಿ ಓಡುವುದಿಲ್ಲ, ಗಿಟಾರ್ ನುಡಿಸುವವನ ಮುಖ ನೋಡಿ ಲಯ ಬದಲಿಸುವುದಿಲ್ಲ.

ಈ ಪೆಟ್ಟಿಗೆಯಿಂದಲೇ ಶುರುಮಾಡುತ್ತಿದ್ದೇನೆ, ಏಕೆಂದರೆ ಈ ಬ್ಯಾಂಡಿನ ಸಂಗೀತವೂ ಹಣಕಾಸೂ ಎರಡೂ ಅದರ ಸುತ್ತಲೇ ಕಟ್ಟಿಕೊಂಡವು. ಬಿಗ್ ಬ್ಲ್ಯಾಕ್ ಹುಟ್ಟಿದ್ದು 1981ರಲ್ಲಿ, ಶಿಕಾಗೋಗೆ ಅಂಟಿಕೊಂಡಿರುವ ಇವಾನ್‌ಸ್ಟನ್ ಊರಿನಲ್ಲಿ. ಮುಗಿದದ್ದು 1987ರ ಆಗಸ್ಟ್ 9ರಂದು, ಸಿಯಾಟಲ್‌ನಲ್ಲಿ. ನಡುವೆ ಬಂದದ್ದು ಎರಡು ಪೂರ್ಣ ಆಲ್ಬಮ್, ನಾಲ್ಕು ಇಪಿ (ಆಲ್ಬಮ್ಮಿಗಿಂತ ಚಿಕ್ಕ ರೆಕಾರ್ಡು), ಕೆಲವು ಸಿಂಗಲ್. ಅಷ್ಟರಲ್ಲೇ ಕರ್ಕಶ ಸದ್ದನ್ನೇ ಸಂಗೀತವಾಗಿಸುವ ನಾಯ್ಸ್ ರಾಕ್ ಎಂಬ ಪ್ರಕಾರಕ್ಕೆ ಒಂದು ಗಟ್ಟಿ ಆಕಾರ ಸಿಕ್ಕಿತು. ಅಲ್ಪಾಯುಷಿ ಬ್ಯಾಂಡುಗಳ ಕಥೆಯನ್ನು ಸಾಮಾನ್ಯವಾಗಿ ಸಾಲ, ಜಗಳ, ಮಾದಕ ವಸ್ತು, ಲೇಬಲ್‌ನ (ರೆಕಾರ್ಡು ಹೊರತರುವ ಕಂಪನಿಯ) ಮೋಸ ಎಂದು ಹೇಳಿ ಮುಗಿಸುತ್ತಾರೆ. ಇಲ್ಲಿ ಆ ವಿವರಣೆ ಸಾಲದು. ಈ ಬ್ಯಾಂಡ್ ಮುರಿದುಬೀಳಲಿಲ್ಲ. ಕೇಳುಗರು ಹೆಚ್ಚುತ್ತಿದ್ದ ಹೊತ್ತಿನಲ್ಲಿ, ಮೊದಲೇ ತೀರ್ಮಾನಿಸಿ, ತಾನಾಗಿಯೇ ನಿಂತಿತು. ಹಾಗೆ ನಿಲ್ಲಲು ಅದಕ್ಕೆ ಸಾಧ್ಯವಾದದ್ದು ಯಾರ ಹಂಗಿನಲ್ಲೂ ಇರಲಿಲ್ಲವಾದ್ದರಿಂದ. ಆದರೆ ಹಣದ ವಿಷಯದಲ್ಲಿ ಇದ್ದ ಈ ಹಂಗಿಲ್ಲದ ಸ್ವಭಾವವೇ ಮಾತಿನ ವಿಷಯಕ್ಕೂ ಹಬ್ಬಿತು. ಅಲ್ಲಿ ಅದು ಗುಣವಾಗಲಿಲ್ಲ.

ಬ್ಯಾಂಡಿನ ಮೂಲಪುರುಷ ಸ್ಟೀವ್ ಆಲ್ಬಿನಿ. 1962ರಲ್ಲಿ ಹುಟ್ಟಿದ ಅವರು ಬೆಳೆದದ್ದು ಮೊಂಟಾನಾ ರಾಜ್ಯದ ಮಿಸೌಲಾದಲ್ಲಿ. ಪತ್ರಿಕೋದ್ಯಮ ಓದಲು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಬಂದರು. ಪಂಕ್ ಅಭಿಮಾನಿಗಳ ಕಿರುಪತ್ರಿಕೆಗಳಲ್ಲಿ ಬರೆಯುತ್ತಿದ್ದರು, ಮಾತು ಚಾಟಿಯೇಟಿನಂತೆ ಇರುತ್ತಿತ್ತು, ಅದರಿಂದ ಊರಿನ ಸಂಗೀತದವರಲ್ಲಿ ಸ್ನೇಹಿತರಿಗಿಂತ ಹೆಚ್ಚು ಮುನಿಸಿಕೊಂಡವರನ್ನು ಸಂಪಾದಿಸಿದ್ದರು. ಜೊತೆಗೆ ನುಡಿಸುವವರು ಸಿಗದ ಆ ಹುಡುಗನಿಗೆ ಸಿಕ್ಕಿದ್ದು ಈ ಯಂತ್ರ. ಎರವಲು ತಂದ ಒಂದು ನಾಲ್ಕು ಟ್ರ್ಯಾಕ್ ಟೇಪ್ ಯಂತ್ರದಲ್ಲಿ, ಬಾಡಿಗೆ ಮನೆಯಲ್ಲೇ, ಹೆಚ್ಚುಕಡಿಮೆ ಎಲ್ಲವನ್ನೂ ತಾನೇ ನುಡಿಸಿ ಮಾಡಿದ 'ಲಂಗ್ಸ್' ಎಂಬ ಇಪಿ 1982ರಲ್ಲಿ ರೂತ್‌ಲೆಸ್ ಎಂಬ ಶಿಕಾಗೋದ ಸಣ್ಣ ಲೇಬಲ್‌ನಿಂದ ಹೊರಬಂತು. ಪ್ರತಿಗಳೊಳಗೆ ಡಾಲರ್ ನೋಟು, ಹಳೆಯ ಫೋಟೋ, ಕೈಗೆ ಸಿಕ್ಕಿದ ಏನೇನೋ ಸಾಮಾನು ತುರುಕಿದ್ದರು. ಸಂಗೀತ ಇನ್ನೂ ಬಲಿತಿರಲಿಲ್ಲ. ಆಲ್ಬಿನಿಯವರಿಗೂ ಮುಂದೆ ಅದು ಇಷ್ಟವಾಗಲಿಲ್ಲ. ನನಗೂ ಅದು ಒಬ್ಬಂಟಿ ಕೋಣೆಯ ಸದ್ದಿನಂತೆಯೇ ಕೇಳುತ್ತದೆ.

ಬ್ಯಾಂಡು ಬ್ಯಾಂಡಾದದ್ದು ನೇಕೆಡ್ ರೇಗನ್ ತಂಡದ ಇಬ್ಬರು ಜೊತೆಗೂಡಿದ ಮೇಲೆ. ಸಾಂಟಿಯಾಗೋ ಡುರಾಂಗೋ ಎರಡನೆಯ ಗಿಟಾರ್ ಹಿಡಿದರು, ಜೆಫ್ ಪೆಜಾಟಿ ಬಾಸ್ ಹಿಡಿದರು. 1983ರ 'ಬುಲ್ಡೋಜರ್' ಇಪಿಯ ಮೊದಲ 200 ಪ್ರತಿಗಳಿಗೆ ಕಾಗದದ ಬದಲು ಸತು ಲೇಪಿಸಿದ ತಗಡಿನ ಹೊದಿಕೆ ಹಾಕಿದ್ದರು. ಆ ತಗಡು ಬರೀ ಅಲಂಕಾರವಾಗಿರಲಿಲ್ಲ. ಒಳಗಿನ ಸದ್ದೂ ಅದೇ ಲೋಹದ್ದು. 1984ರ ಕೊನೆಯ ಹೊತ್ತಿಗೆ 'ರೇಸರ್-ಎಕ್ಸ್' ಸಿದ್ಧವಾಯಿತು. ನೇಕೆಡ್ ರೇಗನ್‌ನ ಕೆಲಸ ಹೆಚ್ಚಾಗಿ ಪೆಜಾಟಿ ಬಿಟ್ಟರು, ಆ ಜಾಗಕ್ಕೆ ಡೇವ್ ರೈಲಿ ಬಂದರು. ಕೊನೆಯವರೆಗೂ ಉಳಿದದ್ದು ಈ ಮೂವರು ಮತ್ತು ರೋಲ್ಯಾಂಡ್.

ಅವರ ಸದ್ದು ಹೇಗೆ ಕಟ್ಟಿಕೊಳ್ಳುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಕ್ ಸಂಗೀತದಲ್ಲಿ ಗಿಟಾರ್ ಸಾಮಾನ್ಯವಾಗಿ ಮಧ್ಯದ ಸ್ವರಶ್ರೇಣಿಯನ್ನು ತುಂಬಿಕೊಂಡು ಕೂರುತ್ತದೆ, ಹಾಡಿಗೆ ಬೆಚ್ಚನೆಯ ಮೈ ಕೊಡುತ್ತದೆ. ಆಲ್ಬಿನಿ ಆ ಬೆಚ್ಚನೆಯನ್ನೇ ತೆಗೆದುಹಾಕಿದರು. ಪ್ಲಾಸ್ಟಿಕ್ ಪಿಕ್ಕಿನ ಬದಲು ಅಂಚಿನಲ್ಲಿ ಕಚ್ಚು ಹಾಕಿದ ಲೋಹದ ಪಿಕ್ಕು ಬಳಸುತ್ತಿದ್ದರು. ಕಚ್ಚಿನಿಂದಾಗಿ ಒಂದು ಏಟಿಗೆ ತಂತಿ ಎರಡು ಸಲ ಮಿಡಿಯುತ್ತದೆ, ಲೋಹಕ್ಕೆ ಲೋಹ ಉಜ್ಜಿದ ಕಿರುಚು ಹೊರಡುತ್ತದೆ. ಗಿಟಾರಿನ ಪಟ್ಟಿಯನ್ನು ಹೆಗಲಿಗೆ ಹಾಕದೆ ಸೊಂಟಕ್ಕೆ ಬಿಗಿದುಕೊಂಡಿರುತ್ತಿದ್ದರು. ಡುರಾಂಗೋ ಗಿಟಾರ್ ಇದಕ್ಕೆ ತದ್ವಿರುದ್ಧ, ಗುಡುಗಿನ ಹಾಗೆ ಕೆಳಗಿನಿಂದ ಉರುಳಿಬರುವಂಥದ್ದು. ಎರಡು ಗಿಟಾರ್ ಹೀಗೆ ಮೇಲೊಂದು ಕೆಳಗೊಂದು ಹಂಚಿಕೊಂಡಾಗ ನಡುವೆ ಜಾಗ ಖಾಲಿಯಾಗುತ್ತದೆ, ಆ ಜಾಗದಲ್ಲಿ ರೈಲಿಯವರ ಕೊರಕಲು ಬಾಸ್ ಬಂದು ಕೂರುತ್ತದೆ. ಹಾಡಿನ ಧಾಟಿ ಎಂಬುದೇನಾದರೂ ಇದ್ದರೆ ಅದನ್ನು ಹೊತ್ತು ನಡೆಯುವುದು ಈ ಬಾಸ್.

ಇದೆಲ್ಲದರ ಅಡಿಯಲ್ಲಿ 606. ಮನುಷ್ಯ ಡ್ರಮ್ಮರ್ ಇದ್ದರೆ ಉಳಿದವರು ಅವನ ಮೇಲೆ ಒರಗುತ್ತಾರೆ, ಅವನೂ ಅವರತ್ತ ವಾಲುತ್ತಾನೆ. ಯಂತ್ರ ವಾಲುವುದಿಲ್ಲ. ಹಾಗಾಗಿ ಗಿಟಾರ್ ನುಡಿಸುವವರೇ ಅದನ್ನು ಬೆನ್ನಟ್ಟಬೇಕು, ಇಲ್ಲವೇ ಅದರ ಎದುರು ಸೆಣಸಬೇಕು. ಬಿಗ್ ಬ್ಲ್ಯಾಕ್ ಕೇಳುವಾಗ ಎದೆಯಲ್ಲಿ ಹುಟ್ಟುವ ಒತ್ತಡದ ಗುಟ್ಟು ಇದೇ ಎಂದು ನನಗನಿಸುತ್ತದೆ. ಕಿವಿಗಡಚಿಕ್ಕುವ ಸದ್ದು ಯಾರು ಬೇಕಾದರೂ ಮಾಡಬಹುದು. ಕರುಣೆಯೇ ಇಲ್ಲದ ಒಂದು ಲಯದ ಎದುರು ಮೂವರು ಮನುಷ್ಯರು ಒದ್ದಾಡುವುದು ಬೇರೆಯೇ ಅನುಭವ.

1986ರ 'ಆಟಮೈಸರ್' ಆಲ್ಬಮ್ಮಿನ 'ಕೆರೋಸಿನ್' ಹಾಡನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಲಿಗೆ ಗಿಟಾರ್ ಗಿಟಾರಿನಂತೆ ಕೇಳುವುದೇ ಇಲ್ಲ, ಗಾಜಿನ ಚೂರುಗಳನ್ನು ಯಾರೋ ಬೆರಳ ತುದಿಯಲ್ಲಿ ಮೀಟುತ್ತಿದ್ದ ಹಾಗಿರುತ್ತದೆ. ಆಮೇಲೆ ಯಂತ್ರ ಒಳಬರುತ್ತದೆ, ಬಾಸ್ ಒಳಬರುತ್ತದೆ, ಗಾಜಿನ ಸದ್ದು ಹಾಗೆಯೇ ಕೊರೆಯುತ್ತಿರುತ್ತದೆ. ಹಾಡು ಒಂದು ಸಣ್ಣ ಊರಿನದು. ಮಾಡಲು ಏನೂ ಇಲ್ಲದ ಊರು, ಅಲ್ಲಿ ಹುಟ್ಟಿ ಅಲ್ಲೇ ಸಾಯಬೇಕಾದ ಹುಡುಗ, ಅವನ ಬೇಸರ ಕೊನೆಗೆ ಹೋಗಿ ಮುಟ್ಟುವುದು ಬೆಂಕಿಯನ್ನು. ಆರು ನಿಮಿಷದ ಹಾಡಿನಲ್ಲಿ ಆ ಹುಡುಗನ ಬಗ್ಗೆ ತೀರ್ಪು ಕೊಡುವ ಒಂದು ಮಾತೂ ಇಲ್ಲ. ಬ್ಯಾಂಡಿನ ಶ್ರೇಷ್ಠ ಕೆಲಸ ಇದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಲೆಕ್ಕಪತ್ರ. ಡ್ರಮ್ ಯಂತ್ರ ಬಗಲಲ್ಲಿ ಹಿಡಿಸುತ್ತದೆ, ಡ್ರಮ್ಸ್ ಸೆಟ್ಟಿಗೆ ವ್ಯಾನಿನ ಅರ್ಧ ಜಾಗ ಬೇಕು. ಸ್ಟುಡಿಯೋದಲ್ಲಿ ಡ್ರಮ್ಸಿಗೆ ಮೈಕ್ ಜೋಡಿಸಿ ಸದ್ದು ಹದಕ್ಕೆ ತರುವುದರಲ್ಲೇ ದಿನ ಕಳೆಯುತ್ತದೆ, ಗಂಟೆಗಿಷ್ಟು ಎಂದು ಬಾಡಿಗೆ ಏರುತ್ತಿರುತ್ತದೆ. ಯಂತ್ರಕ್ಕೆ ಒಂದು ತಂತಿ ಚುಚ್ಚಿದರಾಯಿತು. ಬರುವ ಹಣ ಹಂಚಿಕೊಳ್ಳಲು ಒಬ್ಬರು ಕಡಿಮೆ. ಬಿಗ್ ಬ್ಲ್ಯಾಕ್‌ಗೆ ಮ್ಯಾನೇಜರ್ ಇರಲಿಲ್ಲ. ಕಾರ್ಯಕ್ರಮಗಳನ್ನು ಫೋನ್ ಮಾಡಿ ತಾವೇ ಗೊತ್ತುಮಾಡಿಕೊಳ್ಳುತ್ತಿದ್ದರು, ಸಾಮಾನು ತಾವೇ ಹೊರುತ್ತಿದ್ದರು, ರೆಕಾರ್ಡಿಂಗ್ ಖರ್ಚು ತಾವೇ ಭರಿಸುತ್ತಿದ್ದರು. ಮುಂಗಡ ತೆಗೆದುಕೊಳ್ಳುತ್ತಿರಲಿಲ್ಲ, ಒಪ್ಪಂದ ಪತ್ರಕ್ಕೆ ಸಹಿ ಹಾಕುತ್ತಿರಲಿಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದ್ದೇ ಇತ್ತು. ಆಲ್ಬಿನಿ ಫೋಟೋ ತಿದ್ದುವ ಕೆಲಸ ಮಾಡುತ್ತಿದ್ದರು, ಕುಂಚ ಹಿಡಿದು ಕೈಯಲ್ಲಿ ತಿದ್ದುವ ಕಾಲ ಅದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವುದನ್ನು ಅವರು ಅಕ್ಷರಶಃ ಪಾಲಿಸಿದರು. ಬ್ಯಾಂಡಿನಿಂದ ಬದುಕಬೇಕು ಎಂಬ ಒತ್ತಡ ಇರಲಿಲ್ಲವಾದ್ದರಿಂದ ಬ್ಯಾಂಡಿನ ಸಂಗೀತವನ್ನು ಯಾರಿಗಾಗಿಯೂ ಬಗ್ಗಿಸುವ ಪ್ರಮೇಯ ಬರಲಿಲ್ಲ.

'ಆಟಮೈಸರ್' ಬಂದದ್ದು ನ್ಯೂಯಾರ್ಕಿನ ಹೋಮ್‌ಸ್ಟೆಡ್ ಲೇಬಲ್‌ನಿಂದ. ಅಲ್ಲಿ ಲೆಕ್ಕ ಮತ್ತು ಮಾರಾಟದ ವಿಷಯದಲ್ಲಿ ತಕರಾರು ಬಂತು. ಒಪ್ಪಂದ ಪತ್ರದ ಸಂಕೋಲೆ ಇರಲಿಲ್ಲವಲ್ಲ, ಬ್ಯಾಂಡು ಎದ್ದು ಹೊರಟಿತು. ಸೇರಿದ್ದು ಕೋರಿ ರಸ್ಕ್ ನಡೆಸುತ್ತಿದ್ದ ಟಚ್ ಅಂಡ್ ಗೋ ಲೇಬಲ್. ಅಲ್ಲಿನ ಪದ್ಧತಿ ಸರಳ: ಮಾತೇ ಒಪ್ಪಂದ, ಖರ್ಚು ಕಳೆದು ಉಳಿದ ಲಾಭದಲ್ಲಿ ಲೇಬಲ್‌ಗೆ ಅರ್ಧ, ಬ್ಯಾಂಡಿಗೆ ಅರ್ಧ. ಹಂಗಿನ ಬದಲು ನಂಬಿಕೆ ಇದ್ದಲ್ಲಿ ಕಾಗದ ಬೇಕಿಲ್ಲ ಎಂದು ಇದನ್ನು ಹೊಗಳುವವರಿದ್ದಾರೆ. ನಾನು ಅಷ್ಟು ಸುಲಭವಾಗಿ ಹೊಗಳಲಾರೆ. ಬಾಯಿಮಾತಿನ ಒಪ್ಪಂದ ಚೆನ್ನಾಗಿ ನಡೆಯುವುದು ಎರಡೂ ಕಡೆಯವರು ನೆಟ್ಟಗಿದ್ದಾಗ ಮಾತ್ರ. ಇವರಿಗೆ ಅಂಥವರು ಸಿಕ್ಕಿದರು.

1987ರಲ್ಲಿ ಟಚ್ ಅಂಡ್ ಗೋದಿಂದ ಮೊದಲು ಬಂದದ್ದು 'ಹೆಡೇಕ್' ಇಪಿ. 'ಆಟಮೈಸರ್'ನಷ್ಟು ಚೆನ್ನಾಗಿಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂಬ ಅರ್ಥದ ಚೀಟಿಯನ್ನು ಹೊದಿಕೆಯ ಮೇಲೆ ತಾವೇ ಅಂಟಿಸಿದ್ದರು. ಮಾರುವ ಸರಕಿನ ಮೇಲೆ ಇಂಥ ಮಾತು ಬರೆಯಲು ಎದೆಗಾರಿಕೆ ಬೇಕು. ಆ ಮಾತು ನಿಜವೂ ಆಗಿತ್ತು.

ಅಷ್ಟು ಹೊತ್ತಿಗೆ ಡುರಾಂಗೋ ಕಾನೂನು ಓದಲು ಹೋಗುವುದಾಗಿ ಹೇಳಿಯಾಗಿತ್ತು. ಬೇರೊಬ್ಬ ಗಿಟಾರಿಸ್ಟನನ್ನು ಹುಡುಕುವ ಮಾತು ಬರಲಿಲ್ಲ. ಅವರ ತರಗತಿ ಶುರುವಾಗುವವರೆಗೆ ನುಡಿಸೋಣ, ಒಂದು ಆಲ್ಬಮ್ ಮುಗಿಸೋಣ, ಆಮೇಲೆ ಸಾಕು ಎಂದು ಮೂವರೂ ಒಪ್ಪಿಕೊಂಡರು. ಕಡೆಯ ಆಲ್ಬಮ್ಮಿನ ಹೆಸರು 'ಸಾಂಗ್ಸ್ ಅಬೌಟ್ ಫಕಿಂಗ್'. ಅಂಗಡಿಯ ಕಿಟಕಿಯಲ್ಲಿ ಇಡುವಂಥ ಹೆಸರಲ್ಲ, ರೇಡಿಯೋದಲ್ಲಿ ಹೇಳುವಂಥದ್ದೂ ಅಲ್ಲ. ಮುಂದೆ ಹೋಗಬೇಕಾದ ದಾರಿಯೇ ಇಲ್ಲದವರಿಗೆ ಅದರಿಂದ ಏನು ನಷ್ಟ? ಒಂದು ಭಾಗ ಲಂಡನ್ನಿನ ಸದರ್ನ್ ಸ್ಟುಡಿಯೋದಲ್ಲಿ ಧ್ವನಿಮುದ್ರಕ ಜಾನ್ ಲೋಡರ್ ಜೊತೆ, ಇನ್ನೊಂದು ಭಾಗ ಶಿಕಾಗೋದಲ್ಲಿ ಧ್ವನಿಮುದ್ರಣವಾಯಿತು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 'ದಿ ಮಾಡೆಲ್' ಹಾಡನ್ನೂ ತಮ್ಮ ರೀತಿಯಲ್ಲಿ ನುಡಿಸಿದರು. ಯಂತ್ರವನ್ನು ಪ್ರೀತಿಸಿದ ಒಂದು ತಂಡಕ್ಕೆ ಯಂತ್ರವನ್ನು ಬೆನ್ನಟ್ಟಿದ ಇನ್ನೊಂದು ತಂಡ ಸಲ್ಲಿಸಿದ ಗೌರವ ಅದು. ಕಾನೂನು ವಿದ್ಯಾರ್ಥಿಯಾಗಲಿದ್ದ ಡುರಾಂಗೋ ಆ ಆಲ್ಬಮ್ಮಿನಲ್ಲಿ ತಮ್ಮ ಹೆಸರು ಹಾಕಿಕೊಳ್ಳದೆ ಅಮೆರಿಕದ ಒಬ್ಬ ಪ್ರಸಿದ್ಧ ವಕೀಲರ ಹೆಸರನ್ನು, ಮೆಲ್ವಿನ್ ಬೆಲ್ಲೈ ಎಂದು, ಹಾಕಿಕೊಂಡರು.

ಕೊನೆಯ ಕಾರ್ಯಕ್ರಮಕ್ಕೆ ಸಿಕ್ಕ ಜಾಗ ಸಿಯಾಟಲ್‌ನ ಜಾರ್ಜ್‌ಟೌನ್ ಸ್ಟೀಮ್ ಪ್ಲಾಂಟ್. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ, ಉಗಿಯಿಂದ ವಿದ್ಯುತ್ ತಯಾರಿಸುತ್ತಿದ್ದ ಕಾಂಕ್ರೀಟ್ ಕಟ್ಟಡ. ಒಳಗೆ ಹಳೆಯ ಕರ್ಟಿಸ್ ಟರ್ಬೈನುಗಳು ನೆಟ್ಟಗೆ ನಿಂತಿವೆ, ಬಾಯ್ಲರುಗಳಿವೆ. ಅಷ್ಟು ಎತ್ತರದ ಕಾಂಕ್ರೀಟ್ ಗೋಡೆಗಳ ನಡುವೆ ಆ ಪುಟ್ಟ ಪೆಟ್ಟಿಗೆಯ ಸ್ನೇರ್ ಏಟು ಹೇಗೆ ಮೊರೆದಿರಬೇಕು ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಕಡೆಯಲ್ಲಿ ವೇದಿಕೆಯ ಮೇಲೆ ವಾದ್ಯಗಳನ್ನು ಒಡೆದು ಮುಗಿಸಿದರು. ಆಲ್ಬಮ್ ಅಂಗಡಿಗೆ ಬಂದದ್ದು ಅದಾದ ಮೇಲೆ. ಜನ ಅದನ್ನು ಕೊಂಡು ಮನೆಗೆ ತಂದಾಗ ನುಡಿಸಿದ ಬ್ಯಾಂಡೇ ಇರಲಿಲ್ಲ.

ಇಷ್ಟರವರೆಗಿನದು ಮೆಚ್ಚುಗೆಯಿಂದ ಹೇಳಬಹುದಾದ ಕಥೆ. ಇನ್ನೊಂದು ಮುಖವನ್ನು ಬಿಟ್ಟು ಈ ಪ್ರಕರಣ ಬರೆದರೆ ಅದು ಅಪ್ರಾಮಾಣಿಕವಾಗುತ್ತದೆ. ಬಿಗ್ ಬ್ಲ್ಯಾಕ್ ಹಾಡುಗಳ ತುಂಬ ಕೊಲೆಗಾರರು, ಹೊಡೆಯುವ ಗಂಡಸರು, ಜನಾಂಗದ್ವೇಷಿಗಳು, ಕಸಾಯಿಖಾನೆಗಳು. ಇವರ ಬಾಯಲ್ಲೇ ಹಾಡು ಹೇಳಿಸುವುದು ಬ್ಯಾಂಡಿನ ರೀತಿ. ಕೆಟ್ಟದ್ದು ಇದೆ, ನೋಡಿ, ನಾವು ಉಪದೇಶ ಮಾಡುವುದಿಲ್ಲ ಎಂಬ ನಿಲುವು. 'ಕೆರೋಸಿನ್'ನಲ್ಲಿ ಈ ನಿಲುವು ಕಲೆಯಾಯಿತು. ಎಲ್ಲ ಕಡೆಯೂ ಆಗಲಿಲ್ಲ.

'ಆಟಮೈಸರ್' ತೆರೆದುಕೊಳ್ಳುವುದು 'ಜಾರ್ಡನ್, ಮಿನೆಸೋಟಾ' ಎಂಬ ಹಾಡಿನಿಂದ. ಜಾರ್ಡನ್ ನಿಜವಾದ ಊರು. 1983-84ರಲ್ಲಿ ಅಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೊಡ್ಡ ಪ್ರಕರಣ ಎದ್ದಿತು, 24 ಮಂದಿ ದೊಡ್ಡವರ ಮೇಲೆ ಆರೋಪ ಹೊರಿಸಿದರು, ಊರೇ ಕೈಜೋಡಿಸಿತ್ತು ಎಂಬ ಸುದ್ದಿ ದೇಶವೆಲ್ಲ ಹರಡಿತು. ತಪ್ಪೊಪ್ಪಿಕೊಂಡ ಒಬ್ಬನ ಹೊರತು ಉಳಿದವರ ವಿರುದ್ಧ ಏನೂ ನಿಲ್ಲಲಿಲ್ಲ. ಇಬ್ಬರು ವಿಚಾರಣೆಯಲ್ಲಿ ಖುಲಾಸೆಯಾದರು, ಮಿಕ್ಕವರ ಮೇಲಿನ ಆರೋಪಗಳನ್ನು 1984ರ ಅಕ್ಟೋಬರಿನಲ್ಲೇ ಕೈಬಿಟ್ಟರು. ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನಿಸಿ ಹೇಳಿಕೆ ಪಡೆದ ರೀತಿಯೇ ಪ್ರಶ್ನೆಗೆ ಒಳಗಾಯಿತು. ಹಾಡು ಬಂದದ್ದು ಅದಕ್ಕೂ ಆಮೇಲೆ, ಆದರೂ ಹಾಡಿನಲ್ಲಿ ಊರಿಗೆ ಊರೇ ಅಪರಾಧಿ. ಪತ್ರಿಕೋದ್ಯಮ ಓದಿದ ಒಬ್ಬರು ಬರೆದ ಹಾಡು ಇದು ಎಂಬುದನ್ನು ನಾನು ಮರೆಯಲಾರೆ. ಗಿಟಾರ್ ಎಷ್ಟೇ ಅದ್ಭುತವಾಗಿರಲಿ, ಆ ಊರಿನಲ್ಲಿ ಸುಮ್ಮನೆ ಸಿಕ್ಕಿಬಿದ್ದ ಕುಟುಂಬಗಳ ಬಗ್ಗೆ ಹಾಡಿಗೆ ಚಿಂತೆಯೇ ಇಲ್ಲ. 'ಹೆಡೇಕ್'ನ ಕೆಲವೇ ಪ್ರತಿಗಳ ವಿಶೇಷ ಆವೃತ್ತಿಯನ್ನೂ ಇಲ್ಲೇ ನೆನೆಯಬೇಕು: ಛಿದ್ರವಾದ ಮನುಷ್ಯನ ತಲೆಯ ಫೋಟೋ ಹೊದಿಕೆಯ ಮೇಲೆ. ಬಿಗ್ ಬ್ಲ್ಯಾಕ್ ಮುಗಿದ ಮೇಲೆ ಆಲ್ಬಿನಿ ಕಟ್ಟಿದ ಮುಂದಿನ ತಂಡಕ್ಕೆ ಇಟ್ಟ ಹೆಸರು ರೇಪ್‌ಮನ್. ಅದರ ವಿರುದ್ಧ ಪ್ರತಿಭಟನೆಗಳು ನಡೆದವು, ನಡೆಯಬೇಕಾದದ್ದೇ.

ಲೇಬಲ್‌ನವರಿಗೆ ಒಂದು ಕಾಸಿನ ಋಣ ಇಟ್ಟುಕೊಳ್ಳದವರು ತಾವು ಯಾರ ನೋವನ್ನು ಹಾಡಾಗಿಸುತ್ತಿದ್ದರೋ ಅವರಿಗೂ ಏನೂ ಕೊಡಬೇಕಿಲ್ಲ ಎಂದುಕೊಂಡರು. ಈ ಎರಡನೆಯ ಲೆಕ್ಕ ತಪ್ಪು ಎಂಬುದು ಆಲ್ಬಿನಿಯವರಿಗೆ ಅರಿವಾಗಲು ದಶಕಗಳೇ ಬೇಕಾದವು. 2021ರಲ್ಲಿ ಅವರೇ ಬಹಿರಂಗವಾಗಿ ಬರೆದರು: ತಾನು ಆಡಿದ, ಮಾಡಿದ ಎಷ್ಟೋ ಸಂಗತಿಗಳು ಸುಖದಲ್ಲಿ ಕೂತವನ ಅಜ್ಞಾನದಿಂದ ಬಂದವು, ಅವುಗಳ ಬಗ್ಗೆ ವಿಷಾದವಿದೆ, ಅವನ್ನು ಮರೆತು ಕ್ಷಮಿಸುವ ಹೊಣೆ ಬೇರೆ ಯಾರ ಮೇಲೂ ಇಲ್ಲ, ತಿದ್ದಿಕೊಳ್ಳುವ ಹೊಣೆ ತನ್ನದು. ನೆಪ ಹುಡುಕದ ಇಂಥ ಒಪ್ಪಿಗೆ ಅಪರೂಪ. ಅದರಿಂದ ಹಾಡು ಬದಲಾಗುವುದಿಲ್ಲ, ಹಾಡನ್ನು ಕೇಳುವ ನಮ್ಮ ಕಿವಿ ಬದಲಾಗುತ್ತದೆ.

ಹಣದ ಪಾಠವಂತೂ ಅವರ ಕೈಯಲ್ಲಿ ಬೆಳೆಯುತ್ತಲೇ ಹೋಯಿತು. ಧ್ವನಿಮುದ್ರಣವೇ ವೃತ್ತಿಯಾಯಿತು. 1988ರಲ್ಲಿ ಪಿಕ್ಸೀಸ್ ತಂಡದ 'ಸರ್ಫರ್ ರೋಸಾ', 1993ರಲ್ಲಿ ನಿರ್ವಾಣ ತಂಡದ 'ಇನ್ ಯುಟೆರೋ'. ನಿರ್ವಾಣಕ್ಕೆ ಬರೆದ ಕಾಗದದಲ್ಲಿ, ನಲ್ಲಿ ರಿಪೇರಿಯವನಿಗೆ ಕೊಡುವ ಹಾಗೆ ಕೆಲಸಕ್ಕೆ ಕೂಲಿ ಕೊಡಿ, ರಾಯಲ್ಟಿ ಬೇಡ ಎಂದರು. ಲಕ್ಷಾಂತರ ಪ್ರತಿ ಮಾರಾಟವಾಗುವುದು ಖಚಿತವಿದ್ದ ಆಲ್ಬಮ್ಮಿಗೆ ಒಂದು ಲಕ್ಷ ಡಾಲರ್ ಪಡೆದು ಸುಮ್ಮನಾದರು. ಅದೇ ವರ್ಷ ಶಿಕಾಗೋದ 'ದಿ ಬ್ಯಾಫ್ಲರ್' ಪತ್ರಿಕೆಗೆ ಬರೆದ ಪ್ರಬಂಧದಲ್ಲಿ ಒಂದು ಕಲ್ಪಿತ ಬ್ಯಾಂಡಿನ ಆಯವ್ಯಯವನ್ನು ಸಾಲುಸಾಲಾಗಿ ಬಿಡಿಸಿಟ್ಟರು. ದೊಡ್ಡ ಲೇಬಲ್‌ನಿಂದ ಎರಡೂವರೆ ಲಕ್ಷ ಡಾಲರ್ ಮುಂಗಡ ಪಡೆದ ಬ್ಯಾಂಡು ಅದು. ಸ್ಟುಡಿಯೋ, ವಿಡಿಯೋ, ಪ್ರವಾಸ, ವಕೀಲ, ಮ್ಯಾನೇಜರ್ ಎಲ್ಲ ಕಳೆದ ಮೇಲೆ ಒಬ್ಬೊಬ್ಬ ಸದಸ್ಯನ ಕೈಗೆ ಉಳಿದದ್ದು 4,031 ಡಾಲರ್ 25 ಸೆಂಟ್. ಲೇಬಲ್‌ಗೆ ಏಳು ಲಕ್ಷ ಡಾಲರಿಗೂ ಮಿಕ್ಕಿದ ಗಳಿಕೆ. ಬ್ಯಾಂಡಿನ ತಲೆಯ ಮೇಲೆ ರಾಯಲ್ಟಿ ಲೆಕ್ಕದಲ್ಲಿ 14,000 ಡಾಲರ್ ಬಾಕಿ ಬೇರೆ. ಬಿಗ್ ಬ್ಲ್ಯಾಕ್ ಯಾವ ಬಾಗಿಲನ್ನು ತಟ್ಟದೆ ದೂರ ಉಳಿಯಿತೋ ಆ ಬಾಗಿಲಿನ ಒಳಗೆ ಏನಿತ್ತು ಎಂಬುದರ ಪಟ್ಟಿ ಇದು.

ಮತ್ತೆ ಬ್ಯಾಂಡು ಕಟ್ಟಿ ಹಳೆಯ ಹಾಡು ನುಡಿಸಿ ಎಂಬ ಒತ್ತಾಯಕ್ಕೆ ಅವರು ಮಣಿಯಲಿಲ್ಲ. ಒಂದೇ ಒಂದು ಸಲ ಬಿಟ್ಟು. 2006ರ ಸೆಪ್ಟೆಂಬರಿನಲ್ಲಿ ಟಚ್ ಅಂಡ್ ಗೋ ಲೇಬಲ್‌ಗೆ 25 ವರ್ಷ ತುಂಬಿದ್ದಕ್ಕೆ ಶಿಕಾಗೋದ ಹೈಡ್‌ಔಟ್ ಎಂಬ ಬಾರ್ ಬಳಿ ಬೀದಿಯಲ್ಲೇ ಮೂರು ದಿನದ ಸಂಗೀತೋತ್ಸವ ನಡೆಯಿತು. ಆಲ್ಬಿನಿಗೆ ಹಳೆಯದನ್ನು ಎಬ್ಬಿಸುವ ಮನಸ್ಸಿರಲಿಲ್ಲ, ಆದರೆ ಕೇಳಿದ್ದು ಆ ಲೇಬಲ್. ವಕೀಲರಾಗಿದ್ದ ಡುರಾಂಗೋ ಗಿಟಾರ್ ಹಿಡಿದು ಬಂದರು. ಬಾಸ್ ಹಿಡಿದದ್ದು ಮೊದಲ ಬಾಸಿಸ್ಟ್ ಪೆಜಾಟಿ. ಡೇವ್ ರೈಲಿ 2019ರಲ್ಲಿ ತೀರಿಕೊಂಡರು. 2024ರ ಮೇ 7ರಂದು ಹೃದಯಾಘಾತದಿಂದ ಆಲ್ಬಿನಿಯೂ ಹೋದ ಮೇಲೆ ಆ ಸಂಜೆಯ ದೃಶ್ಯ ನೋಡುವುದು ನನಗೆ ಕಷ್ಟವಾಗಿದೆ. ಲಯ ಹಿಡಿಯಲು ಯಂತ್ರ ಮತ್ತೆ ವೇದಿಕೆ ಏರಿತ್ತು. ಬೆರಳೆಣಿಕೆಯ ಹಾಡು ನುಡಿಸಿ, ತಂತಿಗಳನ್ನು ಕಿತ್ತು ಸುತ್ತಿಕೊಂಡು ಕೆಳಗಿಳಿದರು.